ಎರಡು ಕಡೆ ಹಲ್ಲಿಲ್ಲದ ಸ್ಟಾಂಪು

1982ರ ಮಳೆಗಾಲವಿಡೀ ನನಗೆ ಮಾವನ ಮೇಲೆ ಸಿಟ್ಟಿತ್ತು. ಕಾರಣ ಎರಡು ಸ್ಟಾಂಪು.

ಆಗ ನನಗೆ ಹತ್ತು ವರ್ಷ. ನಾವಿದ್ದದ್ದು ಉಡುಪಿಯ ಕಡಿಯಾಳಿಯಲ್ಲಿ, ಅಜ್ಜಿಯ ಜೊತೆ. ಮಾವ, ಅಂದರೆ ಅಮ್ಮನ ತಮ್ಮ, ಹಡಗಿನ ಇಂಜಿನ್ ರೂಮಿನಲ್ಲಿ ಕೆಲಸಕ್ಕಿದ್ದರು. ನಮ್ಮ ಕರಾವಳಿಯಲ್ಲಿ ‘ಶಿಪ್ಪಿನಲ್ಲಿದ್ದಾರೆ’ ಅಂದರೆ ಸಾಕು, ಮತ್ತೆ ಯಾರೂ ಬಿಡಿಸಿ ಕೇಳುವುದಿಲ್ಲ. ವರ್ಷಕ್ಕೋ ಒಂದೂವರೆ ವರ್ಷಕ್ಕೋ ಒಮ್ಮೆ ಊರಿಗೆ ಬರುತ್ತಿದ್ದರು. ಉಳಿದ ದಿನ ಅವರು ನಮಗೆ ಸಿಗುತ್ತಿದ್ದದ್ದು ಕಾಗದದಲ್ಲಿ ಮಾತ್ರ.

ಆ ಸಲದ ಕಾಗದ ಬಂದದ್ದು ಅಮೆರಿಕದಿಂದ. ಕವರಿನ ಮೂಲೆಯಲ್ಲಿ ಒಂದನ್ನೊಂದು ಬಿಡದೆ ಜೋಡಿಯಾಗಿದ್ದ ಎರಡು ಕೆಂಪು ಸ್ಟಾಂಪು. ಎರಡರಲ್ಲೂ ಒಂದೇ ಚಿತ್ರ. ದೊಡ್ಡ ಚಕ್ರದ, ಹಳೇ ಕಾಲದ ಬೆಂಕಿ ಆರಿಸುವ ಗಾಡಿ. ಅದು 1860ರ ದಶಕದ ಗಾಡಿ ಎಂದು ಇಂಗ್ಲಿಷಿನಲ್ಲಿ ಬರೆದಿತ್ತು. ಒಂದೊಂದಕ್ಕೆ 20 ಸೆಂಟ್. ಎಡಕ್ಕೆ, ಬಲಕ್ಕೆ, ಎರಡರ ನಡುವೆ ಹಲ್ಲು, ಅಂದರೆ ತೂತಿನ ಸಾಲಿನಲ್ಲಿ ಹರಿದಾಗ ಉಳಿಯುವ ಗರಗಸದಂಥ ಅಂಚು, ಚೆಂದಕ್ಕೆ ಇತ್ತು. ಮೇಲೆ ಮತ್ತು ಕೆಳಗೆ ಮಾತ್ರ ಹಲ್ಲೇ ಇಲ್ಲ. ಬ್ಲೇಡಿನಲ್ಲಿ ಎಳೆದ ಹಾಗೆ ನೇರ.

ಸ್ಟಾಂಪು ಕೂಡಿಸಿದವರಿಗೆ ಗೊತ್ತು, ಹಲ್ಲು ಹೋದದ್ದಕ್ಕೆ ಬೆಲೆ ಇಲ್ಲ. ನಮ್ಮ ಕ್ಲಾಸಿನಲ್ಲಿ ಅಂಥದ್ದು ಐದು ಕೊಟ್ಟರೂ ಬದಲಿಗೆ ಒಂದು ಒಳ್ಳೆಯದು ಸಿಗುತ್ತಿರಲಿಲ್ಲ. ಅಷ್ಟು ದೂರದಿಂದ ಬಂದ, ಅಷ್ಟು ಚೆಂದದ ಸ್ಟಾಂಪನ್ನು ಮಾವ ಕತ್ತರಿ ಹಿಡಿದು ಹಾಳು ಮಾಡಿದರಲ್ಲ ಅಂತ ನನಗೆ ಅಳುವೇ ಬಂತು. ಅಜ್ಜಿ ಹೇಳಿ ಬರೆಸಿದ ಉತ್ತರದ ಕೊನೆಗೆ ನನಗೆ ಎಂದು ಎರಡು ಗೆರೆ ಜಾಗ ಇರುತ್ತಿತ್ತು. ಅದರಲ್ಲಿ ಬರೆದೆ: ‘ಮಾವಾ, ಇನ್ನು ಮುಂದೆ ಸ್ಟಾಂಪಿನ ಮೇಲೆ ಕೆಳಗೆ ಕತ್ತರಿಸಬೇಡಿ.’

ಉತ್ತರ ಬಂದದ್ದು ನವರಾತ್ರಿಯ ಹೊತ್ತಿಗೆ. ಆ ಕಾಗದ ಈಗಲೂ ನನ್ನ ಹತ್ತಿರ ಉಂಟು. ಈರುಳ್ಳಿ ಸಿಪ್ಪೆಯಂಥ ತೆಳು ಹಾಳೆ, ಎರಡೂ ಮಗ್ಗುಲು ಬರೆದಿದ್ದಾರೆ. ಒಂದು ಬದಿಯ ಅಕ್ಷರ ಇನ್ನೊಂದು ಬದಿಗೆ ಕಾಣುತ್ತದೆ. ಅಜ್ಜಿಗೆ, ಅಮ್ಮನಿಗೆ ಬರೆಯಬೇಕಾದದ್ದನ್ನೆಲ್ಲ ಬರೆದ ಮೇಲೆ ನನಗೊಂದು ಪ್ಯಾರಾ:

‘ನಾನು ಕತ್ತರಿಸಿದ್ದಲ್ಲ ಮಾರಾಯ್ತಿ. ಇಲ್ಲಿ ಪೋಸ್ಟ್ ಆಫೀಸಿನ ಹೊರಗಿನ ಹಾಲಿನಲ್ಲಿ ಒಂದು ಮಿಷನ್ ಉಂಟು. ಚಿಲ್ಲರೆ ಹಾಕಿ ಹಿಡಿ ಎಳೆದರೆ ಸ್ಟಾಂಪು ನಾಲಿಗೆ ಚಾಚಿದ ಹಾಗೆ ಹೊರಗೆ ಬರುತ್ತದೆ. ಒಳಗೆ ರಿಬ್ಬನಿನ ಹಾಗೆ ಸುತ್ತಿ ಇಟ್ಟಿರುತ್ತಾರೆ. ಅದಕ್ಕೇ ಮೇಲೆ ಕೆಳಗೆ ಹಲ್ಲಿಲ್ಲ. ಆವತ್ತು ಭಾನುವಾರ ಸಂಜೆ. ಕೌಂಟರು ಮುಚ್ಚಿತ್ತು. ಬೆಳಿಗ್ಗೆ ನಾಲ್ಕಕ್ಕೆ ನಮ್ಮ ಹಡಗು ಹೊರಡುವುದು. ಮಿಷನ್ ಇಲ್ಲದಿದ್ದರೆ ಆ ಕಾಗದ ಇನ್ನೊಂದು ತಿಂಗಳು ನನ್ನ ಪೆಟ್ಟಿಗೆಯಲ್ಲೇ ಇರುತ್ತಿತ್ತು.’

ಸ್ಟಾಂಪು ಮಾರುವ ಮಿಷನ್! ನನಗೆ ಅದನ್ನು ಕಲ್ಪಿಸಿಕೊಳ್ಳಲಿಕ್ಕೇ ಆಗಲಿಲ್ಲ. ಉಡುಪಿಯಲ್ಲಿ ಸ್ಟಾಂಪು ಅಂದರೆ ಜಾಲರಿಯ ಕಿಂಡಿ, ಅದರ ಮುಂದೆ ಸಾಲು, ಒಳಗಿನಿಂದ ‘ಎಷ್ಟರದ್ದು?’ ಅಂತ ಒಂದು ದನಿ. ದೊಡ್ಡ ಹಾಳೆಯನ್ನು ಮಡಚಿ, ಬೆರಳಲ್ಲಿ ಒತ್ತಿ, ಪರ್ರನೆ ಹರಿದು ಕೊಡುತ್ತಿದ್ದರು. ಆಚೆ ಮೇಜಿನ ಮೇಲೆ ಗೋಂದಿನ ಡಬ್ಬಿ, ಅದರಲ್ಲೊಂದು ಕಡ್ಡಿ. ಡಬ್ಬಿ ಒಣಗಿದ್ದ ದಿನ ಅಜ್ಜಿ ನನ್ನನ್ನು ಮನೆಗೆ ಕರೆದುಕೊಂಡು ಬಂದು, ಕುಚ್ಚಲಕ್ಕಿ ಅನ್ನದ ಎರಡು ಅಗುಳು ಹಿಸುಕಿ ಸ್ಟಾಂಪು ಅಂಟಿಸಿದ್ದೂ ಉಂಟು. ಆ ಅಂಟು ಬಿಡುವುದೇ ಇಲ್ಲ.

ಮರುವರ್ಷ ಮಾವ ರಜೆ ಮುಗಿಸಿ ಕೊಚ್ಚಿಯಲ್ಲಿ ಹಡಗು ಹತ್ತಲು ಹೊರಟರು. ಉಡುಪಿಗೆ ಆಗ ರೈಲಿಲ್ಲ. ಬಸ್ಸಿನಲ್ಲಿ ಮಂಗಳೂರಿಗೆ ಬಂದು ಸ್ಟೇಷನ್ನಿನಲ್ಲಿ ಅವರನ್ನು ಬಿಟ್ಟು ಬರಬೇಕು. ಪ್ಲಾಟ್‌ಫಾರ್ಮಿನಲ್ಲಿ ತೂಕದ ಮಿಷನ್ ಇತ್ತಲ್ಲ, ಬಣ್ಣಬಣ್ಣದ ದೀಪ ಸುತ್ತುವುದು, ಅದರ ಮೇಲೆ ನನ್ನನ್ನು ನಿಲ್ಲಿಸಿ ಕೈಗೊಂದು ನಾಣ್ಯ ಕೊಟ್ಟರು. ಹಾಕಿದೆ. ಒಳಗೆಲ್ಲೋ ಕಟಕಟ ಅಂತ ಏನೋ ಉರುಳಿತು. ಆಮೇಲೆ ಕೆಳಗಿನ ಬಾಯಿಗೆ ಒಂದು ದಪ್ಪ ಚೀಟಿ ಬಂದು ಬಿತ್ತು. ಒಂದು ಬದಿಯಲ್ಲಿ ನನ್ನ ತೂಕ, ಇನ್ನೊಂದು ಬದಿಯಲ್ಲಿ ಭವಿಷ್ಯ. ‘ಸ್ಟಾಂಪಿನ ಮಿಷನ್ನೂ ಹೀಗೆಯೇ. ತೂಕದ ಬದಲು ಸ್ಟಾಂಪು, ಅಷ್ಟೇ’ ಅಂದರು ಮಾವ. ನನಗೆ ಆಗ ಅರ್ಥವಾಯಿತು. ರೈಲು ಹೊರಟ ಮೇಲೆ ಅಜ್ಜಿ ಅಲ್ಲೇ ಬೆಂಚಿನ ಮೇಲೆ ಕೂತುಬಿಟ್ಟಿದ್ದರು. ನಾನು ಆ ಚೀಟಿಯನ್ನೇ ತಿರುಗಿಸಿ ತಿರುಗಿಸಿ ನೋಡುತ್ತಿದ್ದೆ.

ಅಲ್ಲಿಂದ ಶುರುವಾದ ಕುತೂಹಲ ನನ್ನನ್ನು ಇವತ್ತಿಗೂ ಬಿಟ್ಟಿಲ್ಲ. ಆ ಮಿಷನ್ನುಗಳ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿದ್ದೇನೆ. ಮಾವನ ಆ ‘ನಾಲಿಗೆ’ಯ ಹಿಂದೆ ಎಷ್ಟು ಜನರ ತಲೆ ಓಡಿದೆ ಅಂತ ಗೊತ್ತಾದಾಗ ಬಹಳ ಖುಷಿಯಾಗಿತ್ತು.

ಜಗತ್ತಿನ ಮೊದಲ ಅಂಚೆಚೀಟಿ ಪೆನ್ನಿ ಬ್ಲ್ಯಾಕ್. ಬಂದದ್ದು ಬ್ರಿಟನ್ನಿನಲ್ಲಿ, 1840ರಲ್ಲಿ. ಅದಕ್ಕೆ ಹಲ್ಲೇ ಇರಲಿಲ್ಲ. ಹಾಳೆಯಿಂದ ಕತ್ತರಿಯಲ್ಲೇ ಕತ್ತರಿಸಬೇಕಿತ್ತು. ನಮ್ಮ ದೇಶಕ್ಕೆಲ್ಲ ನಡೆಯುವ ಸ್ಟಾಂಪು ಬಂದದ್ದು 1854ರಲ್ಲಿ. ಕಲ್ಕತ್ತಾದಲ್ಲಿ ಅಚ್ಚಾದ ಆ ಅರ್ಧ ಆಣೆ, ಒಂದು ಆಣೆ ಸ್ಟಾಂಪುಗಳಿಗೂ ಹಲ್ಲಿಲ್ಲ, ಅವಕ್ಕೂ ಕತ್ತರಿಯೇ ಗತಿ. ಅಂದರೆ ನಾನು ಮಾವನ ಮೇಲೆ ಹೊರಿಸಿದ ಕೆಲಸವನ್ನು ಒಂದು ಕಾಲದಲ್ಲಿ ಎಲ್ಲರೂ ಮಾಡುತ್ತಿದ್ದರು! ಇದಕ್ಕೆ ಸೇರಿಸಿ ಇನ್ನೊಂದು ಮಾತು ನೆನಪಾಗುತ್ತದೆ. ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ ನಮ್ಮ ಬಾಸೆಲ್ ಮಿಶನ್‌ನಿಂದ ಹೊರಟದ್ದು 1843ರ ಜುಲೈ 1ಕ್ಕೆ. ಹರ್ಮನ್ ಮೋಗ್ಲಿಂಗ್ ಅದನ್ನು ಹೊರಡಿಸಿದಾಗ ನಮ್ಮಲ್ಲಿ ಅಂಟಿಸಲಿಕ್ಕೆ ಸ್ಟಾಂಪು ಅಂತಲೇ ಒಂದಿರಲಿಲ್ಲ. ಕಲ್ಲಚ್ಚಿನ ಆ ಹಾಳೆಗಳು ಕೈಯಿಂದ ಕೈಗೆ ಹೋಗುವುದನ್ನು ನಾನು ಎಷ್ಟೋ ಸಲ ಆ ಮಿಶನ್ ಇದ್ದ ಮಂಗಳೂರಿನ ಬಲ್ಮಠದ ಗುಡ್ಡೆ ಹತ್ತುವಾಗ ಊಹಿಸಿಕೊಂಡಿದ್ದೇನೆ.

ಹಲ್ಲು ಬಂದ ಮೇಲೆ ಮಿಷನ್ನಿನ ಯೋಚನೆ ಬಂತು. ನ್ಯೂಜಿಲೆಂಡಿನ ರಾಬರ್ಟ್ ಡಿಕಿ ಎಂಬ ಅಂಚೆ ನೌಕರರು ಮಾಡಿದ ನಾಣ್ಯದ ಮಿಷನ್ನನ್ನು 1905ರಲ್ಲಿ ವೆಲಿಂಗ್ಟನ್ನಿನ ಅಂಚೆ ಕಚೇರಿಯಲ್ಲಿ ಇಟ್ಟು ನೋಡಿದರು. ಒಂದು ಪೆನ್ನಿ ಹಾಕಿದರೆ ಒಂದು ಪೆನ್ನಿಯ ಸ್ಟಾಂಪು. ಇದನ್ನು ಮಾಡಿದ್ದು ಅಂಚೆ ಇಲಾಖೆಯದೇ ಒಬ್ಬ ನೌಕರ ಅನ್ನುವುದು ನನಗೆ ಬಹಳ ಇಷ್ಟ.

ಕೇಳಲಿಕ್ಕೆ ಸುಲಭ. ಆದರೆ ಯೋಚಿಸಿ ನೋಡಿ. ಸ್ಟಾಂಪು ಅಂದರೆ ತೆಳು ಕಾಗದ, ಹಿಂದೆ ಅಂಟು, ನಡುನಡುವೆ ತೂತು. ಎಳೆದರೆ ಹರಿಯಬೇಕು, ಎಳೆಯುವ ಮೊದಲು ಹರಿಯಬಾರದು. ಒಂದು ನಾಣ್ಯಕ್ಕೆ ಒಂದೇ ಬರಬೇಕು, ಎರಡು ಬರಬಾರದು, ಅರ್ಧ ಬರಬಾರದು. ಹಾಗಾಗಿ ಸ್ಟಾಂಪನ್ನು ಹಾಳೆಯ ಬದಲು ಉದ್ದ ಪಟ್ಟಿಯಾಗಿ ಮಾಡಿ ಸುರುಳಿ ಸುತ್ತಿದರು. ಡೆಟ್ರಾಯ್ಟಿನ ಜೋಸೆಫ್ ಶರ್‌ಮ್ಯಾಕ್ ಎಂಬವರ ಕಂಪನಿ ಸಣ್ಣ ತೂತುಗಳ ಸಾಲಿನ ಬದಲು ದೊಡ್ಡ ಚೌಕದ ಎರಡೇ ತೂತು ಹೊಡೆದು ತನ್ನದೇ ಸುರುಳಿ ಮಾಡಿಕೊಂಡಿತ್ತು, ಪಟ್ಟಿ ಗಟ್ಟಿಯಾಗಿ ಉಳಿಯಲಿ ಅಂತ. 1908ರಿಂದ ಅಮೆರಿಕದ ಅಂಚೆ ಇಲಾಖೆಯೇ ಸುರುಳಿ ಸ್ಟಾಂಪು ಕೊಡಲು ಶುರು ಮಾಡಿತು. ಪಟ್ಟಿಗೆ ಅಕ್ಕಪಕ್ಕದಲ್ಲಿ ಮಾತ್ರ ಜೊತೆಗಾರರು. ಮೇಲೆ ಕೆಳಗೆ ಯಾರೂ ಇಲ್ಲ. ಯಾರಿಂದಲೂ ಹರಿಯುವ ಅಗತ್ಯ ಇಲ್ಲದ ಕಡೆ ಹಲ್ಲು ಯಾಕೆ?

ಇನ್ನೊಂದು ತೊಡಕು ಚಿಲ್ಲರೆಯದ್ದು. ಬ್ರಿಟನ್ನಿನಲ್ಲಿ ಮಿಷನ್ನಿನಿಂದ ಪುಟ್ಟ ಪುಸ್ತಕಗಳು ಬರುತ್ತಿದ್ದವು. ನಾಣ್ಯ 50 ಪೆನ್ಸಿನದ್ದು, ಒಳಗಿನ ಸ್ಟಾಂಪುಗಳ ಲೆಕ್ಕವೂ ಅಷ್ಟಕ್ಕೇ ಕೂಡಬೇಕು. ಅಂಚೆ ದರ ನಾಣ್ಯದ ಲೆಕ್ಕ ನೋಡಿ ಏರುತ್ತದಾ? ಹಾಗಾಗಿ ಬೇರೆ ಬೇರೆ ಬೆಲೆಯ ಸ್ಟಾಂಪುಗಳನ್ನು ಒಟ್ಟಿಗೆ ಇಟ್ಟು, ಉಳಿದ ಚೌಕಕ್ಕೆ ಬೆಲೆಯಿಲ್ಲದ ಬರೀ ಒಂದು ಲೇಬಲ್ ಹಾಕುತ್ತಿದ್ದರು. ನನ್ನ ಸಂಗ್ರಹದಲ್ಲಿ ಅಂಥ ಒಂದು ಪುಸ್ತಕ ಉಂಟು. ಆ ಖಾಲಿ ಚೌಕವೆಂದರೆ ನನಗೆ ಸ್ಟಾಂಪುಗಳಿಗಿಂತ ಜಾಸ್ತಿ ಪ್ರೀತಿ.

ಮಾವನ ಜೋಡಿ ಸ್ಟಾಂಪಿನ ಲೆಕ್ಕವೂ ಆಮೇಲೆ ಬಿಡಿಸಿತು. ಆಗ ಅಮೆರಿಕದಿಂದ ಇಂಡಿಯಾಕ್ಕೆ ಅರ್ಧ ಔನ್ಸಿನ, ಅಂದರೆ ಸುಮಾರು 14 ಗ್ರಾಮಿನ ಏರ್‌ಮೇಲ್ ಕಾಗದಕ್ಕೆ 40 ಸೆಂಟ್. ಎರಡು ಬೆಂಕಿಗಾಡಿ ಸೇರಿದರೆ ಸರಿಯಾಗಿ ನಮ್ಮ ಮನೆ ಬಾಗಿಲು. ಹಾಳೆ ಅಷ್ಟು ತೆಳು ಯಾಕೆ, ಎರಡೂ ಮಗ್ಗುಲು ಯಾಕೆ ಬರೆಯುತ್ತಿದ್ದರು ಅನ್ನುವುದಕ್ಕೂ ಅದರಲ್ಲೇ ಉತ್ತರ ಇತ್ತು.

ಪತ್ರದ ಕಾಲದ ಬಗ್ಗೆ ಮಾತು ಬಂದಾಗ ಎಲ್ಲರೂ ಅಕ್ಷರದ ಚೆಂದ, ಮನಸ್ಸು ಬಿಚ್ಚಿ ಬರೆಯುವುದು, ಇದನ್ನೆಲ್ಲ ನೆನೆಯುತ್ತಾರೆ. ಅದೆಲ್ಲ ನಿಜವೇ. ಆದರೆ ನನಗೆ ಅನ್ನಿಸುವುದು ಬೇರೆ. ಮನೆಯಿಂದ ದೂರ ಇರುವವರಿಗೆ ಬರೆಯುವುದು ಕಷ್ಟವಾಗಿರಲಿಲ್ಲ. ರಾತ್ರಿ ಪಾಳಿ ಮುಗಿಸಿ ಬಂದು ಮಾವ ಪುಟಗಟ್ಟಲೆ ಬರೆದಿಡುತ್ತಿದ್ದರು. ಕಷ್ಟ ಇದ್ದದ್ದು ಕೊನೆಯ ಹತ್ತು ಹೆಜ್ಜೆಯಲ್ಲಿ. ಗೊತ್ತಿಲ್ಲದ ಊರು, ಅರ್ಧ ದಿನದ ಬಿಡುವು, ಮುಚ್ಚಿದ ಕೌಂಟರು. ಆ ಹೊತ್ತಿಗೆ ಬಾಗಿಲು ತೆಗೆದಿದ್ದದ್ದು ಆ ಕಬ್ಬಿಣದ ಪೆಟ್ಟಿಗೆ ಒಂದೇ. ಅದು ಯಾವ ದೇಶದವನು ಅಂತ ಕೇಳಲಿಲ್ಲ, ಇಂಗ್ಲಿಷ್ ಸರಿ ಇಲ್ಲ ಅನ್ನಲಿಲ್ಲ, ನಾಳೆ ಬಾ ಅನ್ನಲಿಲ್ಲ. ನಾಲ್ಕು ಕಾಸು ತೆಗೆದುಕೊಂಡಿತು, ಕೆಲಸ ಮಾಡಿಕೊಟ್ಟಿತು. ಅದಕ್ಕೇ ಅದರ ಮೇಲೆ ನನಗೆ ಇಷ್ಟು ಅಕ್ಕರೆ.

ಅತ್ತಲಿಂದ ಬರುವುದು ಹೀಗೆ. ಇತ್ತಲಿಂದ ಹೋಗುವುದು ಇನ್ನೊಂದು ಕತೆ. ನಾವು ಬರೆದ ಕಾಗದ ಹಡಗಿನ ಹಿಂದೆಯೇ ಓಡಬೇಕು. ಬೊಂಬಾಯಿಯ ಆಫೀಸಿಗೆ ಕಳಿಸಿದರೆ ಅವರು ಮುಂದಿನ ಬಂದರಿನ ಏಜೆಂಟರಿಗೆ ಕಳಿಸುತ್ತಾರೆ. ಅದು ಮುಟ್ಟುವಾಗ ಹಡಗು ಆಚೆ. ಒಂದು ಸಲ ಅಕ್ಕನ ಮದುವೆ ನಿಶ್ಚಯವಾದ ಸುದ್ದಿಯೂ ಮದುವೆಯ ಕಾಗದವೂ ಒಂದೇ ದಿನ ಅವರ ಕೈಗೆ ಸಿಕ್ಕಿದ್ದವು, ಮದುವೆ ಮುಗಿದು ಎರಡು ತಿಂಗಳಾದ ಮೇಲೆ. ಮದುವೆ ಕಾಗದದ ಮೂಲೆಗೆ ಅಜ್ಜಿ ಹಚ್ಚಿದ ಅರಸಿನ ಅಷ್ಟರಲ್ಲಿ ಮಾಸಿ ಹೋಗಿತ್ತಂತೆ.

ಬರೆಯುತ್ತಿದ್ದವಳು ನಾನು. ಅಜ್ಜಿಗೆ ಅಕ್ಷರ ಬರುತ್ತಿರಲಿಲ್ಲ. ಮಧ್ಯಾಹ್ನ ಊಟವಾಗಿ ಜಗಲಿಯಲ್ಲಿ ಕಾಲು ಚಾಚಿ ಕೂತು ವೀಳ್ಯಕ್ಕೆ ಸುಣ್ಣ ಹಚ್ಚುತ್ತಾ ‘ಬರಿ’ ಅನ್ನುತ್ತಿದ್ದರು. ಮೊದಲು ‘ಶ್ರೀ’. ಆಮೇಲೆ ‘ಚಿರಂಜೀವಿ ಮಗನಿಗೆ ನಿನ್ನ ತಾಯಿ ಮಾಡುವ ಆಶೀರ್ವಾದಗಳು. ಇಲ್ಲಿ ಎಲ್ಲರೂ ಕ್ಷೇಮ. ಅಲ್ಲಿಯ ಕ್ಷೇಮಕ್ಕೆ ಬರೆಯುತ್ತಾ ಇರುವುದು.’ ಇಷ್ಟು ಪಾಠದ ಹಾಗೆ ಬರುತ್ತಿತ್ತು. ಅಲ್ಲಿಂದ ಮುಂದೆ ದನಿ ಬದಲಾಗುತ್ತಿತ್ತು. ‘ಕಪಿಲೆ ಗಬ್ಬ ಆಗಿದೆ ಅಂತ ಬರಿ. ತೆಂಕು ಬದಿಯ ಹಲಸಿನ ಮರ ಗಾಳಿಗೆ ಬಿತ್ತು ಅಂತ ಬರಿ. ಬೇಡ, ಮರದ್ದು ಬರೀಬೇಡ. ಅವನು ಹತ್ತಿ ಆಡಿದ ಮರ, ಸುಮ್ನೆ ಬೇಜಾರು ಮಾಡಿಕೊಳ್ತಾನೆ.’ ನಾನು ಅಷ್ಟರಲ್ಲಿ ಅರ್ಧ ಬರೆದಿರುತ್ತಿದ್ದೆ. ಹೊಡೆದು ಹಾಕಿದ ಗೆರೆಯನ್ನು ನೋಡಿ ‘ಎಂತ ಅದು? ಕಪ್ಪು ಮಾಡಿದ್ದು ನೋಡಿದರೆ ಅವನಿಗೆ ಹೆದರಿಕೆ ಆಗ್ಲಿಕ್ಕಿಲ್ವಾ?’ ಅನ್ನುತ್ತಿದ್ದರು.

ಆಟಿ ತಿಂಗಳಲ್ಲಿ, ಅಂದರೆ ನಮ್ಮ ಕಡೆಯ ಜೋರು ಮಳೆಯ ತಿಂಗಳಲ್ಲಿ, ಕವರು ಅಂಟಿಸುವುದೇ ಬೇಡ. ಪೆಟ್ಟಿಗೆಯಲ್ಲಿಟ್ಟ ಖಾಲಿ ಕವರುಗಳೆಲ್ಲ ಥಂಡಿಗೆ ತಾವಾಗಿ ಬಾಯಿ ಮುಚ್ಚಿಕೊಳ್ಳುತ್ತಿದ್ದವು. ಸ್ಟಾಂಪುಗಳ ನಡುವೆ ಅಮ್ಮ ಪೌಡರು ಉದುರಿಸಿ ಇಡುತ್ತಿದ್ದರು.

ಹೇಳಬೇಕೆಂದಿದ್ದ ಮುಖ್ಯ ಸಂಗತಿ ಇನ್ನೂ ಹೇಳಲಿಲ್ಲ.

ಮಾವನ ವಿವರಣೆ ಬಂದ ಮೇಲೆ ಆ ಜೋಡಿ ಸ್ಟಾಂಪಿನ ಮೇಲೆ ನನಗೆ ಎಲ್ಲಿಲ್ಲದ ಆಸೆ. ಕ್ಲಾಸಿನಲ್ಲಿ ಯಾರ ಹತ್ತಿರವೂ ಇಲ್ಲದ ಮಾಲು! ಕವರಿನ ಮೂಲೆ ಕತ್ತರಿಸಿ, ಬಟ್ಟಲಲ್ಲಿ ಉಗುರು ಬೆಚ್ಚನೆಯ ನೀರು ಹಾಕಿ, ತೇಲಿಸಿ ಬಿಟ್ಟರೆ ಹತ್ತು ನಿಮಿಷಕ್ಕೆ ಸ್ಟಾಂಪು ಬಿಟ್ಟು ಬರುತ್ತದೆ. ನೀರು ಸಿದ್ಧ ಮಾಡಿಕೊಂಡು ಕತ್ತರಿ ಕೈಗೆತ್ತಿಕೊಂಡಿದ್ದೆ. ಅಜ್ಜಿ ಎಲ್ಲಿಂದ ನೋಡಿದರೋ, ಬಂದು ಕವರನ್ನು ಕಿತ್ತುಕೊಂಡರು.

‘ನೀರಿಗೆ ಹಾಕ್ತೀಯಾ ಇದನ್ನು?’

‘ಸ್ಟಾಂಪು ಬಿಡಿಸ್ಲಿಕ್ಕೆ ಅಜ್ಜೀ.’

‘ಬೇಡ. ಅದ್ರಲ್ಲಿ ಅವನ ಎಂಜಲು ಉಂಟು.’

ನಮ್ಮ ಅಜ್ಜಿ ಎಂಜಲು ಮುಸುರೆ ವಿಷಯದಲ್ಲಿ ಎಷ್ಟು ಕಟ್ಟುನಿಟ್ಟು ಅಂದರೆ, ನಾನು ಚೊಂಬಿಗೆ ತುಟಿ ತಾಗಿಸಿ ನೀರು ಕುಡಿದರೆ ಅದನ್ನು ಬೂದಿ ಹಾಕಿ ಉಜ್ಜಿ ತೊಳೆದೇ ಒಳಗಿಡಬೇಕು. ಅಂಥ ಅಜ್ಜಿ ಆ ಕವರನ್ನು ಸೆರಗಿನಲ್ಲಿ ಒರೆಸಿ, ದೇವರ ಕೋಣೆಯ ಪಕ್ಕದ ಗೂಡಿನಲ್ಲಿ, ಪಂಚಾಂಗದ ಅಡಿಗೆ ಇಟ್ಟರು. ಮಾವ ಊರಲ್ಲಿದ್ದಾಗ ಸ್ಟಾಂಪನ್ನು ನಾಲಿಗೆಗೆ ತಾಗಿಸಿಯೇ ಅಂಟಿಸುತ್ತಿದ್ದರು. ಅಜ್ಜಿ ಅದನ್ನು ನೋಡಿ ಬೈದದ್ದೂ ಉಂಟು. ಆ ಬೈದದ್ದೇ ಅವರ ನೆನಪಲ್ಲಿ ಉಳಿದಿತ್ತು. ಓದಲು ಬಾರದ ಅವರಿಗೆ ಆ ಕಾಗದದಲ್ಲಿ ತಮ್ಮಷ್ಟಕ್ಕೇ ಅರ್ಥವಾಗುವಂಥದ್ದು ಅದೊಂದೇ ಇತ್ತು. ಉಳಿದದ್ದಕ್ಕೆಲ್ಲ ನಾನು ಬೇಕಿತ್ತು.

ಆಮೇಲೆ ನಾನು ಮಾವನ ಯಾವ ಕವರಿನಿಂದಲೂ ಸ್ಟಾಂಪು ಬಿಡಿಸಲಿಲ್ಲ.

ಎಲ್ಲವೂ ಒಂದೊಂದಾಗಿ ಹೋದವು. ಎಸ್‌ಟಿಡಿ ಬೂತು ಬಂತು. ಮಾವ ಬಂದರಿನಿಂದಲೇ ಫೋನು ಮಾಡಲು ಶುರು ಮಾಡಿದರು. ಮೂರು ನಿಮಿಷದಲ್ಲಿ ಎರಡು ನಿಮಿಷ ‘ಕೇಳ್ತದಾ? ಕೇಳ್ತದಾ?’ ಅನ್ನುವುದರಲ್ಲೇ ಮುಗಿಯುತ್ತಿತ್ತು. ಆದರೂ ದನಿ ದನಿಯೇ. ಅಜ್ಜಿಗೆ ಖುಷಿಯಾಗಿತ್ತು, ನಾನು ಇಲ್ಲ ಅನ್ನುವುದಿಲ್ಲ. 2011ರ ಜೂನ್ 30ಕ್ಕೆ 25 ಪೈಸೆ ಮತ್ತು ಅದಕ್ಕಿಂತ ಸಣ್ಣ ನಾಣ್ಯಗಳ ಚಲಾವಣೆ ನಿಂತಿತು. 2013ರ ಜುಲೈಯಲ್ಲಿ ಟೆಲಿಗ್ರಾಂ ಹೋಯಿತು. ಅಮೆರಿಕದಲ್ಲೂ ಈ ಶತಮಾನದ ಶುರುವಿನ ವರ್ಷಗಳಲ್ಲಿ ಹಳೆಯ ನಾಣ್ಯದ ಮಿಷನ್ನುಗಳನ್ನು ಅಂಚೆ ಕಚೇರಿಗಳಿಂದ ತೆಗೆದರು. ರಿಪೇರಿಗೆ ಬಿಡಿಭಾಗ ಸಿಗದು, ಕಾರ್ಡಿನಲ್ಲಿ ದುಡ್ಡು ಕಟ್ಟುವ ಹೊಸ ಪೆಟ್ಟಿಗೆಗಳು ಬಂದಿದ್ದವು. ಹಳೆಯವು ಈಗ ಸಂಗ್ರಹಕಾರರ ಮನೆಯ ಗೋಡೆಯಲ್ಲಿವೆ.

ನಾನು ಮದುವೆಯಾಗಿ ಮಂಗಳೂರಿಗೆ ಬಂದು ಮೂವತ್ತು ವರ್ಷ ದಾಟಿತು. ಈಗಲೂ ತಿಂಗಳಿಗೊಮ್ಮೆ ಪಾಂಡೇಶ್ವರದ ಹೆಡ್ ಪೋಸ್ಟ್ ಆಫೀಸಿಗೆ ಹೋಗುತ್ತೇನೆ. ಹೋದ ಸಲವೂ ಪೋಸ್ಟ್‌ಕಾರ್ಡಿಗೆ 50 ಪೈಸೆ, ಇನ್‌ಲ್ಯಾಂಡಿಗೆ ಎರಡೂವರೆ ರೂಪಾಯಿ. 50 ಪೈಸೆಯ ನಾಣ್ಯಕ್ಕೆ ಕಾನೂನಿನಲ್ಲಿ ಇನ್ನೂ ಜೀವ ಉಂಟು, ಅಂಗಡಿಯಲ್ಲಿ ಮಾತ್ರ ಯಾರೂ ಮುಟ್ಟುವುದಿಲ್ಲ. ಹಾಗಾಗಿ ಕಾರ್ಡನ್ನು ಯಾವಾಗಲೂ ಜೋಡಿ ಲೆಕ್ಕದಲ್ಲೇ ಕೊಳ್ಳುತ್ತೇನೆ. ಒಂದು ಕಾರ್ಡು ಬೇಕಾಗಿದ್ದರೂ ಎರಡು. ಎರಡನೆಯದ್ದಕ್ಕೆ ಯಾರಿಗಾದರೂ ಬರೆಯಲೇಬೇಕಲ್ಲ, ಹಾಗೆ ಹಳೇ ಗೆಳತಿಯರಿಗೆ, ನನಗೆ ಕಲಿಸಿದ ಟೀಚರಿಗೆ ಹೋದ ಕಾರ್ಡು ಎಷ್ಟೋ. ನಮ್ಮ ಜಿಲ್ಲೆಯವರೇ ಆದ ಶಿವರಾಮ ಕಾರಂತರು ಬಂದ ಕಾಗದಗಳಿಗೆ ತಾವೇ ಕಾರ್ಡಿನಲ್ಲಿ ಉತ್ತರ ಬರೆಯುತ್ತಿದ್ದರು. ಅಷ್ಟು ಕೆಲಸದ ನಡುವೆ ಅವರಿಗೆ ಸಾಧ್ಯವಾಗಿತ್ತು ಅಂತ ಯೋಚಿಸಿದಾಗ ನನಗೂ ಪೆನ್ನು ಹಿಡಿಯುವ ಹುರುಪು ಬರುತ್ತದೆ.

ಮಾವ ರಿಟೈರಾಗಿ ಸುರತ್ಕಲ್ಲಿನಲ್ಲಿದ್ದಾರೆ. ಎಪ್ಪತ್ತೈದು ದಾಟಿದೆ. ಇಂಜಿನ್ ರೂಮಿನ ಸದ್ದಿಗೆ ಎಡಗಿವಿ ಹೋಗಿದೆ. ಬಲಗಿವಿಯ ಹತ್ತಿರ ಕೂತು ಮಾತಾಡಬೇಕು. ಹೋದ ತಿಂಗಳು ಆ ಕವರನ್ನು ಪ್ಲಾಸ್ಟಿಕ್ ಫೈಲಿನಲ್ಲಿಟ್ಟು ಅವರ ಮನೆಗೆ ಒಯ್ದೆ. ಅಜ್ಜಿ ತೀರಿಕೊಂಡ ಮೇಲೆ ಗೂಡಿನ ಸಾಮಾನು ಹಂಚುವಾಗ ನಾನು ಕೇಳಿ ತೆಗೆದುಕೊಂಡದ್ದು ಅದೊಂದನ್ನೇ.

ಮಾವ ಕನ್ನಡಕ ಏರಿಸಿ ನೋಡಿದರು. ‘ಇದು ನಿನ್ನ ಹತ್ತಿರ ಉಂಟಾ?’ ಅಂದರು. ಮಿಷನ್ನಿನ ನೆನಪು ತಕ್ಷಣ ಬಂತು. ಆವತ್ತು ಜೇಬಿನಲ್ಲಿದ್ದದ್ದು ಸರಿಯಾಗಿ ಮೂರೇ ನಾಣ್ಯವಂತೆ. 25 ಸೆಂಟಿನದ್ದೊಂದು, ಹತ್ತರದ್ದೊಂದು, ಐದರದ್ದೊಂದು. ಕಾಫಿ ಕುಡಿಯುವ ಅಂತ ಇಟ್ಟುಕೊಂಡದ್ದು. ‘ಒಂದು ನುಂಗಿ ಸುಮ್ಮನಾದರೆ ಎಂತ ಮಾಡುವುದು ಅಂತ ಹೆದರಿಕೆ ಇತ್ತು ಮಾರಾಯ್ತಿ. ಎಳೆದೆ. ಬಂತು!’ ಅಂತ ಬಲಗೈಯನ್ನು ಮುಂದೆ ಚಾಚಿ ಎಳೆದು ತೋರಿಸಿದರು. ಮುಖದಲ್ಲಿ ಮೂವತ್ತರ ಹುಡುಗನ ನಗು.

ಅಜ್ಜಿ ಅದನ್ನು ನೀರಿಗೆ ಹಾಕಲು ಬಿಡದ ವಿಷಯ ಅವರಿಗೆ ಗೊತ್ತೇ ಇರಲಿಲ್ಲ. ಇಷ್ಟು ವರ್ಷ ನಾನೂ ಹೇಳಿರಲಿಲ್ಲ. ಬಲಗಿವಿಯ ಹತ್ತಿರ ಬಗ್ಗಿ ಅಜ್ಜಿ ಹೇಳಿದ ಮಾತನ್ನು ಹಾಗೆಯೇ ಹೇಳಿದೆ. ಕೇಳಿಸಿತೋ ಇಲ್ಲವೋ ಅಂತ ಇನ್ನೊಮ್ಮೆ ಹೇಳಲು ಬಾಯಿ ತೆರೆದೆ. ಕೈಸನ್ನೆಯಲ್ಲಿ ಸಾಕು ಅಂದರು.

ತುಂಬ ಹೊತ್ತು ಕವರನ್ನು ಮೊಣಕಾಲ ಮೇಲಿಟ್ಟುಕೊಂಡೇ ಕೂತಿದ್ದರು. ಎರಡನೇ ಬೆಂಕಿಗಾಡಿಯ ಕೆಳ ಮೂಲೆ ಸ್ವಲ್ಪ ಎದ್ದು ಬಂದಿತ್ತು. ಮಾವ ತೋರುಬೆರಳ ತುದಿಯನ್ನು ನಾಲಿಗೆಗೆ ತಾಗಿಸಿ, ಆ ಮೂಲೆಯ ಅಡಿಗೆ ಮೆಲ್ಲ ಸವರಿ, ಹೆಬ್ಬೆರಳಲ್ಲಿ ಒತ್ತಿ ಹಿಡಿದರು.